ದಿನಧಾರಾವಾಹಿಯ ಹಿನ್ನೆಲೆ: ಮೈಸೂರಿನ ಪಶ್ಚಿಮ ತಾಲ್ಲೂಕುಗಳಿಂದ ಒಂದು ನೋಟ

ಒಂದು ಭಾಷೆಯ ಸಾಹಿತ್ಯಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಗ್ರಂಥಭಂಡಾರದಿಂದ ಪ್ರಾರಂಭಿಸುತ್ತಾರೆ. ಅಲ್ಲಿ ದೊರೆಯುವ ಪುಸ್ತಕಕ್ಕೆ ಕರ್ತೃವಿನ ಹೆಸರಿರುತ್ತದೆ, ಅಚ್ಚಾದ ವರ್ಷವಿರುತ್ತದೆ, ಮುನ್ನುಡಿಯಲ್ಲಿ ನೆರವಾದವರ ಸ್ಮರಣೆಯಿರುತ್ತದೆ. ಕಳೆದ ನಾಲ್ಕು ದಶಕಗಳಲ್ಲಿ ಕನ್ನಡನಾಡಿನ ಮನೆಮನೆಗಳಲ್ಲಿ ಅಸಂಖ್ಯ ಜನರನ್ನು ದಿನವೂ ಕಥೆಯ ಮುಂದೆ ಕೂರಿಸಿದ ಒಂದು ಪ್ರಕಾರಕ್ಕೆ ಮಾತ್ರ ಈ ಅನುಕೂಲಗಳಲ್ಲಿ ಒಂದೂ ಇಲ್ಲ. ಕಿರುತೆರೆಯ ಧಾರಾವಾಹಿಯನ್ನು ಕುರಿತು ಈ ಮಾತನ್ನು ಹೇಳುತ್ತಿದ್ದೇನೆ. ವಿದ್ವಾಂಸರು ಅದನ್ನು ಕಂಡು ಮುಖ ತಿರುಗಿಸುವುದು ರೂಢಿ. ಅವರ ಮನೆಯವರು ಅದನ್ನು ತಪ್ಪದೆ ನೋಡುವುದೂ ರೂಢಿಯೇ. ಈ ಎರಡು ರೂಢಿಗಳ ನಡುವೆ ಸಿಕ್ಕಿ ಅದರ ಚರಿತ್ರೆ ಬರೆಯದೆಯೇ ಉಳಿದಿದೆ.

ಚರಿತ್ರೆ ಬರೆದಿಲ್ಲವೆಂದ ಮಾತ್ರಕ್ಕೆ ಚರಿತ್ರೆಯ ಸಾಮಗ್ರಿಯಿಲ್ಲವೆಂದು ಅರ್ಥವಲ್ಲ. ಸಾಮಗ್ರಿಯು ನೋಡುಗರ ಮಾತುಕತೆಯಲ್ಲಿದೆ. ನಿನ್ನೆಯ ಸಂಚಿಕೆಯನ್ನು ಕುರಿತು ಇಂದು ಜಗಲಿಯಲ್ಲಿ, ಬಸ್ಸಿನಲ್ಲಿ, ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ನಡೆಯುವ ಚರ್ಚೆಯನ್ನು ನಾವು ಹರಟೆಯೆಂದು ಕರೆದು ಬಿಟ್ಟುಬಿಡುತ್ತೇವೆ. ಆ ಹರಟೆಯಲ್ಲಿ ಒಂದು ಬಗೆಯ ವಿಮರ್ಶೆಯೂ, ತೆರೆಯ ಹಿಂದೆ ನಿಂತು ಕೆಲಸ ಮಾಡುವವರ ಕೈಗುರುತನ್ನು ಪತ್ತೆಹಚ್ಚುವ ಶಕ್ತಿಯೂ ಇದೆಯೆಂಬುದು ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸಲು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಸೀಮೆಯನ್ನು ಆರಿಸಿಕೊಂಡಿದ್ದೇನೆ. ಸಾಲಿಗ್ರಾಮವೂ ಸರಗೂರೂ ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಆದರೂ ಹಳೆಯ ನಾಲ್ಕು ತಾಲ್ಲೂಕುಗಳ ಎಲ್ಲೆಯನ್ನೇ ಇಲ್ಲಿ ಗ್ರಹಿಸಿದೆ. ಈ ಸೀಮೆಯು ತೆರೆಯ ಮುಂದೆ ಮಿಂಚುವ ನಟರಿಗಿಂತ ತೆರೆಯ ಹಿಂದಿನ ಬರಹಗಾರರನ್ನೂ ನಿರ್ದೇಶಕರನ್ನೂ ಕೊಟ್ಟದ್ದೆಂಬುದು ಈ ಆಯ್ಕೆಗೆ ಕಾರಣ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಇಂಥ ಕಥಾಪ್ರಕಾರಕ್ಕೆ ‘ಸೋಪ್ ಒಪೆರಾ’ ಎಂಬ ಅಣಕದ ಹೆಸರು ಬಿದ್ದದ್ದು, ಅಮೆರಿಕದ ರೇಡಿಯೋದಲ್ಲಿ ಹಗಲು ಹೊತ್ತು ಬರುತ್ತಿದ್ದ ಕಥೆಗಳ ಖರ್ಚನ್ನು ಸಾಬೂನಿನ ಕಂಪನಿಗಳು ವಹಿಸುತ್ತಿದ್ದುದರಿಂದ. ಗಂಡಸರು ಕೆಲಸಕ್ಕೆ ಹೋದಮೇಲೆ ಬಟ್ಟೆ ಒಗೆಯುತ್ತ, ಅಡುಗೆ ಮಾಡುತ್ತ ಇರುವ ಗೃಹಿಣಿಗೆ ಹದಿನೈದು ನಿಮಿಷದ ಕಥೆ. ಕಥೆಯ ಹಿಂದುಮುಂದೆ ಸಾಬೂನಿನ ಪ್ರಶಂಸೆ. ೧೯೩೦ರಲ್ಲಿ ಷಿಕಾಗೋ ನಗರದ ಒಂದು ನಿಲಯದಲ್ಲಿ ಇರ್ನಾ ಫಿಲಿಪ್ಸ್ ಎಂಬ ಮಹಿಳೆ ‘ಪೇಂಟೆಡ್ ಡ್ರೀಮ್ಸ್’ ಎಂಬ ಕಥೆಯನ್ನು ಬರೆದು, ತಾನೇ ಪಾತ್ರವನ್ನೂ ವಹಿಸಿ ಈ ಪ್ರಕಾರಕ್ಕೆ ತಳಹದಿ ಹಾಕಿದಳು. ಅವಳೇ ೧೯೩೭ರಲ್ಲಿ ಪ್ರಾರಂಭಿಸಿದ ‘ಗೈಡಿಂಗ್ ಲೈಟ್’ ೧೯೫೨ರಲ್ಲಿ ದೂರದರ್ಶನಕ್ಕೆ ಬಂದು ೨೦೦೯ರವರೆಗೆ, ಎಂದರೆ ಎಪ್ಪತ್ತೆರಡು ವರ್ಷ, ನಡೆಯಿತು. ಅಜ್ಜಿ ರೇಡಿಯೋದಲ್ಲಿ ಕೇಳಿದ ಕಥೆಯ ಮುಂದುವರಿಕೆಯನ್ನು ಮೊಮ್ಮಗಳು ಪರದೆಯ ಮೇಲೆ ನೋಡಿದಳೆಂದರೆ ಅದರ ವಿಸ್ತಾರ ಅರಿವಾದೀತು. ಫಿಲಿಪ್ಸಳ ಬಳಿ ಕೆಲಸ ಕಲಿತ ಆಗ್ನೆಸ್ ನಿಕ್ಸನ್ ಮುಂದೆ ತಾನೇ ಹಲವು ಕಥೆಗಳನ್ನು ನಿರ್ಮಿಸಿದಳು. ಹೀಗೆ ಅಲ್ಲಿ ಒಂದು ಗುರುಶಿಷ್ಯಪರಂಪರೆಯೇ ಬೆಳೆಯಿತು. ಆ ಪರಂಪರೆಯ ಮೊದಲ ಗುರು ಹೆಂಗಸೆಂಬುದು ಗಮನಾರ್ಹ.

ಕೇಳುಗರ ವಿಷಯದಲ್ಲಿಯೂ ಮೊದಲು ಕಣ್ಣು ತೆರೆದವಳು ಒಬ್ಬ ಮಹಿಳೆಯೇ. ಆಸ್ಟ್ರಿಯಾದಿಂದ ಅಮೆರಿಕಕ್ಕೆ ಬಂದ ಹೆರ್ಟಾ ಹೆರ್ಜೋಗ್ ೧೯೪೧ರಲ್ಲಿ ಪ್ರಕಟಿಸಿದ ಪ್ರಬಂಧಕ್ಕಾಗಿ ಧಾರಾವಾಹಿ ಕೇಳುವ ಸ್ತ್ರೀಯರನ್ನು ದೀರ್ಘವಾಗಿ ಮಾತನಾಡಿಸಿದಳು. ಅವರು ಕಥೆಯನ್ನು ಕೇಳುವುದು ಮೂರು ಬಗೆಯ ಪ್ರಯೋಜನಕ್ಕೆಂದು ಅವಳು ಕಂಡಳು: ಮನಸ್ಸಿನ ಭಾರವನ್ನು ಇಳಿಸಿಕೊಳ್ಳಲು, ತಮಗಿಲ್ಲದ ಸುಖವನ್ನು ಕಲ್ಪನೆಯಲ್ಲಿ ಅನುಭವಿಸಲು, ಬಾಳಿನ ತೊಡಕುಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಬುದ್ಧಿಯನ್ನು ಪಡೆಯಲು. ಮೂರನೆಯದು ವಿದ್ವಾಂಸರನ್ನು ಬೆರಗುಗೊಳಿಸಿತಂತೆ. ಹರಿಕಥೆ ಕೇಳಿ ಬೆಳೆದ ನಮ್ಮವರಿಗೆ ಅದರಲ್ಲಿ ಬೆರಗೇನೂ ಕಾಣಲಾರದು.

ಹೆರ್ಜೋಗಳ ಮನಶ್ಶಾಸ್ತ್ರವನ್ನು ನೆನೆದಾಗ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರವಿಭಾಗ ನೆನಪಿಗೆ ಬರುತ್ತದೆ. ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದು ೧೯೨೪ರಲ್ಲಿ ಈ ವಿಭಾಗವನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ನಿಲಯವನ್ನು ಸ್ಥಾಪಿಸಿದರು. ಅದರ ಪ್ರೇಷಕಯಂತ್ರದ ಶಕ್ತಿ ಕೇವಲ ೩೦ ವಾಟ್. ‘ಆಕಾಶವಾಣಿ’ಯೆಂಬ ಹೆಸರು ಅಲ್ಲಿಂದ ಹೊರಟು ಮುಂದೆ ಇಡೀ ಭಾರತದ ಬಾನುಲಿಗೆ ಅಂಟಿಕೊಂಡಿತು, ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವುದುಂಟು. ಗೋಪಾಲಸ್ವಾಮಿಯವರು ನಾಟಕಪ್ರಿಯರು, ವಿದ್ಯಾರ್ಥಿಗಳನ್ನು ರಂಗದ ಮೇಲೆ ನಿಲ್ಲಿಸಿ ಪಳಗಿಸುವುದರಲ್ಲಿ ಅವರಿಗೆ ಆಸ್ಥೆ. ಕಣ್ಣಿಗೆ ಕಾಣದ ನಟನೊಬ್ಬ ಕೇವಲ ದನಿಯಿಂದ ಮನೆಯೊಳಗೆ ಬಂದು ಕೂರುವ ಅನುಭವ ಮೈಸೂರು ಸೀಮೆಗೆ ಆದದ್ದು ಹೀಗೆ. ನಿಲಯ ಮುಂದೆ ಸಂಸ್ಥಾನದ ಅಧೀನಕ್ಕೆ ಬಂದಿತು. ೧೯೫೫ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಪುನಃ ಪೂರ್ಣಪ್ರಮಾಣದ ನಿಲಯ ಬಂದದ್ದು ೧೯೭೪ರಲ್ಲಿ.

ಅದೇ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿ ೧೯೪೭ರಲ್ಲಿ ಪದವಿ ಪಡೆದವರು ಅನಸೂಯಾ. ‘ತ್ರಿವೇಣಿ’ಯೆಂಬ ಹೆಸರಿನಿಂದ ಕನ್ನಡಿಗರೆಲ್ಲರಿಗೂ ಪರಿಚಿತರಾದ ಕಾದಂಬರಿಕಾರ್ತಿ. ಬಾನುಲಿಯನ್ನು ತಂದ ಅಧ್ಯಾಪಕರ ವಿಭಾಗದಿಂದಲೇ, ಮನೆಯೊಳಗಿನ ಹೆಣ್ಣಿನ ಮನಸ್ಸನ್ನು ಕನ್ನಡ ಕಾದಂಬರಿಗೆ ತಂದ ಲೇಖಕಿಯೂ ಹೊರಬಂದರೆಂಬುದು ಆಕಸ್ಮಿಕವಾದರೂ ಅರ್ಥಪೂರ್ಣವಾದ ಆಕಸ್ಮಿಕ. ತ್ರಿವೇಣಿಯವರು ೧೯೬೩ರಲ್ಲಿ, ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡರು. ಅವರ ‘ಬೆಳ್ಳಿಮೋಡ’ವನ್ನು ೧೯೬೭ರಲ್ಲಿ ತೆರೆಗೆ ತಂದು ಕನ್ನಡ ಚಿತ್ರನಿರ್ದೇಶಕರ ಸಾಲಿಗೆ ಸೇರಿದವರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಗ್ರಾಮದಲ್ಲಿ ೧೯೩೩ರಲ್ಲಿ ಹುಟ್ಟಿದ ಪುಟ್ಟಣ್ಣ ಕಣಗಾಲ್. ಇಲ್ಲಿಂದ ನಮ್ಮ ನಾಲ್ಕು ತಾಲ್ಲೂಕುಗಳ ಕಥೆ ಪ್ರಾರಂಭವಾಗುತ್ತದೆಯೆಂದು ಹೇಳಬಹುದಿತ್ತು. ಆದರೆ ಅದಕ್ಕೂ ಹಿಂದಿನ ಒಂದು ಸಂಗತಿಯನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ.

ಕಥೆಯನ್ನು ತುಂಡುಮಾಡಿ ಹೇಳುವ, ‘ಮಿಕ್ಕದ್ದು ನಾಳೆ’ ಎಂದು ನಿಲ್ಲಿಸುವ ಕೌಶಲವನ್ನು ಈ ಸೀಮೆಯ ಜನ ಅಮೆರಿಕದಿಂದ ಕಲಿಯಲಿಲ್ಲ. ಕೃಷ್ಣರಾಜನಗರ ಸೀಮೆಯಲ್ಲಿ ಕಾವೇರಿಯ ದಂಡೆಯ ಮೇಲೆ ಕಪ್ಪಡಿ ಕ್ಷೇತ್ರವಿದೆ. ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದುಗೆಗಳಿರುವ ಸ್ಥಳ ಅದು. ತಂಬೂರಿ, ಡಕ್ಕೆ, ತಾಳ, ಗಗ್ಗರಗಳೊಡನೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಒಂದು ರಾತ್ರಿಗೆ ಮುಗಿಯುವಂಥದಲ್ಲ. ಅದನ್ನು ‘ಸಾಲು’ಗಳಾಗಿ ವಿಂಗಡಿಸಿ ಹಾಡುತ್ತಾರೆ: ಕಲ್ಯಾಣದ ಸಾಲು, ರಾಚಪ್ಪಾಜಿಯ ಸಾಲು, ಸಿದ್ಧಪ್ಪಾಜಿಯ ಸಾಲು ಎಂದು. ಕೇಳುಗರಿಗೆ ಕಥೆ ಮೊದಲೇ ಗೊತ್ತು. ಗೊತ್ತಿದ್ದೂ ಕೂರುತ್ತಾರೆ. ಏನಾಗುವುದೆಂಬ ಕುತೂಹಲಕ್ಕಿಂತ ಈ ಹಾಡುಗಾರ ಅದನ್ನು ಹೇಗೆ ಹೇಳುತ್ತಾನೆಂಬ ಕುತೂಹಲ ಅಲ್ಲಿ ಮುಖ್ಯ. ಒಬ್ಬನು ಸಾಲನ್ನು ಎಳೆದನೆಂದೂ ಇನ್ನೊಬ್ಬನು ಮೊಟಕುಮಾಡಿದನೆಂದೂ ಬೆಳಗಿನ ಹೊತ್ತು ಕಟ್ಟೆಯ ಮೇಲೆ ತೀರ್ಪು ಕೊಡುವವರು ಸಾಮಾನ್ಯ ರೈತರು. ಇಂದು ಧಾರಾವಾಹಿಯನ್ನು ನೋಡಿ ‘ಎಳೀತಾ ಅವ್ರೆ’ ಎಂದು ಗೊಣಗುವ ಗೃಹಿಣಿ ಆ ತೀರ್ಪುಗಾರರ ವಂಶದವಳೇ.

‘ಧಾರಾವಾಹಿ’ ಎಂಬ ಶಬ್ದವನ್ನು ಕಿರುತೆರೆಗೆ ಕೊಟ್ಟದ್ದು ವಾರಪತ್ರಿಕೆಗಳು. ‘ಪ್ರಜಾಮತ’, ‘ಕರ್ಮವೀರ’, ೧೯೬೫ರಲ್ಲಿ ಪ್ರಾರಂಭವಾದ ‘ಸುಧಾ’, ೧೯೮೩ರ ‘ತರಂಗ’ ಇವುಗಳಲ್ಲಿ ಕಾದಂಬರಿಗಳು ವಾರವಾರವೂ ಬರುತ್ತಿದ್ದುವು. ಉಷಾ ನವರತ್ನರಾಂ, ಸಾಯಿಸುತೆ ಮೊದಲಾದವರ ಕಥೆಗಳನ್ನು ಕತ್ತರಿಸಿ ಹೊಲಿದು ಪುಸ್ತಕದಂತೆ ಇಟ್ಟುಕೊಂಡ ಮನೆಗಳು ಹುಣಸೂರಿನಂಥ ಪೇಟೆಗಳಲ್ಲಿ ಇಂದಿಗೂ ಉಂಟು. ಒಂದು ಪತ್ರಿಕೆ ಐದಾರು ಮನೆ ತಿರುಗುತ್ತಿತ್ತು. ಕೊನೆಯ ಮನೆಗೆ ಹೋಗುವ ವೇಳೆಗೆ ಕಥೆಯೂ ಅದರ ಮೇಲಿನ ಅಭಿಪ್ರಾಯವೂ ಒಟ್ಟಿಗೇ ತಲುಪುತ್ತಿದ್ದುವು. ಇಷ್ಟು ಇಲ್ಲಿಗೆ ಸಾಕು.

ಇನ್ನು ತೆರೆಯ ಹಿಂದಿನವರ ವಿಚಾರ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯೆಂದರೆ ರಾಜಕೀಯ ಬಲ್ಲವರಿಗೆ ದೇವರಾಜ ಅರಸರ ಊರು. ಅದೇ ಊರಿನಲ್ಲಿ ೧೯೧೬ರಲ್ಲಿ ಜನಿಸಿದ ಸುಬ್ರಹ್ಮಣ್ಯರಾಜೇ ಅರಸು ‘ಚದುರಂಗ’ರೆಂದು ಹೆಸರಾದರು. ‘ವೈಶಾಖ’ ಕಾದಂಬರಿಗೆ ೧೯೮೨ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದನ್ನು ವಿದ್ಯಾರ್ಥಿಗಳು ಬಲ್ಲರು. ಅವರು ಚಿತ್ರನಿರ್ದೇಶಕರೂ ಆಗಿದ್ದರೆಂಬುದನ್ನು ಅಷ್ಟಾಗಿ ಬಲ್ಲವರಿಲ್ಲ. ತಮ್ಮ ‘ಸರ್ವಮಂಗಳಾ’ ಕಾದಂಬರಿಯನ್ನು ೧೯೬೮ರಲ್ಲಿ ತಾವೇ ತೆರೆಗೆ ತಂದರು. ಮರುವರ್ಷ ಅವರ ‘ಉಯ್ಯಾಲೆ’ಯನ್ನು ಎನ್. ಲಕ್ಷ್ಮೀನಾರಾಯಣ್ ಅವರು ಚಿತ್ರವಾಗಿಸಿದರು. ಪುಸ್ತಕಗಳಲ್ಲಿ ಮುಳುಗಿದ ಗಂಡ, ಮನೆಯಲ್ಲಿ ಒಂಟಿಯಾದ ಹೆಂಡತಿ, ಆ ಶೂನ್ಯಕ್ಕೆ ಕಾಲಿಟ್ಟ ಮೂರನೆಯವನು: ಈ ಮೂವರನ್ನು ಒಂದು ಮನೆಯ ನಾಲ್ಕು ಗೋಡೆಗಳ ನಡುವೆ ಇಟ್ಟು ಕಥೆಯನ್ನು ನಡೆಸುವ ಕ್ರಮ ಇಂದಿನ ಧಾರಾವಾಹಿಗೆ ಬಲು ಹತ್ತಿರ. ಭೇದವಿರುವುದು ಸಂಯಮದಲ್ಲಿ. ಚದುರಂಗರು ಮಾತಿಲ್ಲದೆ ಬಿಟ್ಟ ಕಡೆ ಇಂದಿನ ಧಾರಾವಾಹಿ ಡೋಲು ಬಾರಿಸುತ್ತದೆ.

ಹುಣಸೂರು ಕೃಷ್ಣಮೂರ್ತಿಯವರು ಬೇರೆ ಜಾಡಿನವರು. ೧೯೧೪ರಲ್ಲಿ ಹುಣಸೂರಿನಲ್ಲಿ ಹುಟ್ಟಿ, ವೃತ್ತಿರಂಗಭೂಮಿಯಿಂದ ಚಿತ್ರರಂಗಕ್ಕೆ ಬಂದು, ಕಥೆ, ಸಂಭಾಷಣೆ, ಗೀತೆ, ನಿರ್ದೇಶನ ಎಲ್ಲವನ್ನೂ ಕೈಗೊಂಡ ಹಳೆಯ ಕಾಲದ ಸರ್ವಾಂಗ ಕಸುಬುಗಾರರು. ‘ರತ್ನಮಂಜರಿ’ (೧೯೬೨), ‘ವೀರಸಂಕಲ್ಪ’ (೧೯೬೪), ‘ಸತ್ಯಹರಿಶ್ಚಂದ್ರ’ (೧೯೬೫), ‘ಭಕ್ತ ಕುಂಬಾರ’ (೧೯೭೪), ‘ಬಭ್ರುವಾಹನ’ (೧೯೭೭) ಇವರ ನಿರ್ದೇಶನದ ಚಿತ್ರಗಳು. ಇವುಗಳಲ್ಲಿ ಹಲವನ್ನು ಇಂದಿಗೂ ಜನ ರಾಜಕುಮಾರರ ಚಿತ್ರಗಳೆಂದೇ ಕರೆಯುತ್ತಾರೆ, ಅದು ಸಹಜ. ಆದರೆ ‘ಸತ್ಯಹರಿಶ್ಚಂದ್ರ’ದಲ್ಲಿ ದುಃಖದ ಸನ್ನಿವೇಶದ ಬೆನ್ನಿಗೆ ಹಾಸ್ಯವನ್ನು ಇಟ್ಟು, ನೋಡುಗನ ಕಣ್ಣೀರು ಆರುವಷ್ಟು ಬಿಡುವು ಕೊಟ್ಟು, ಮತ್ತೆ ಅಳಿಸುವ ಲೆಕ್ಕಾಚಾರವಿದೆಯಲ್ಲ, ಅದು ಕಂಪನಿ ನಾಟಕದ ಬರಹಗಾರನ ಲೆಕ್ಕಾಚಾರ. ಜಾಹೀರಾತಿನ ಬಿಡುವಿಗೆ ಮುನ್ನ ಒಂದು ಏಟು, ಬಿಡುವಿನ ನಂತರ ಒಂದು ಸಮಾಧಾನ ಎಂದು ಇಂದು ಧಾರಾವಾಹಿಯ ಲೇಖಕರು ಅನುಸರಿಸುವ ಗಣಿತಕ್ಕೆ ಇದೇ ಮೂಲವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಕಣಗಾಲಿನ ಸೋದರರ ಪ್ರಭಾವ ಇವರಿಬ್ಬರಿಗಿಂತಲೂ ವ್ಯಾಪಕವಾದುದು. ಹಿರಿಯರಾದ ಪ್ರಭಾಕರ ಶಾಸ್ತ್ರಿಗಳು ಗೀತೆ, ಸಂಭಾಷಣೆಗಳ ಬರಹಗಾರರು. ಹೆಸರನ್ನು ಮುಂದುಮಾಡದ ಕಸುಬು ಅದು. ಕಿರಿಯರಾದ ಪುಟ್ಟಣ್ಣನವರು ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿದ್ದು ನಿರ್ದೇಶನವನ್ನು ಕಲಿತರು. ತ್ರಿವೇಣಿಯವರ ‘ಬೆಳ್ಳಿಮೋಡ’, ‘ಶರಪಂಜರ’, ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ವಾಣಿಯವರ ‘ಶುಭಮಂಗಳ’: ಹೀಗೆ ಲೇಖಕಿಯರ ಕಾದಂಬರಿಗಳನ್ನು ಸಾಲುಸಾಲಾಗಿ ಚಿತ್ರಕ್ಕೆ ತಂದ ನಿರ್ದೇಶಕರು ಅವರಂತೆ ಇನ್ನೊಬ್ಬರಿಲ್ಲ. ಮಾನಸಿಕ ಅಸ್ವಾಸ್ಥ್ಯದಿಂದ ಗುಣಹೊಂದಿ ಮನೆಗೆ ಮರಳಿದ ಹೆಣ್ಣನ್ನು ಮನೆಯೂ ನೆರೆಯೂ ಹೇಗೆ ನೋಡುತ್ತವೆಂಬುದನ್ನು ‘ಶರಪಂಜರ’ದಲ್ಲಿ ಕಂಡ ಸ್ತ್ರೀಯರು, ಅದನ್ನು ಚಿತ್ರವೆಂದು ಮಾತನಾಡಲಿಲ್ಲ, ತಮ್ಮ ಬೀದಿಯ ಸುದ್ದಿಯೆಂಬಂತೆ ಮಾತನಾಡಿದರು. ಕಾವೇರಿ ತಪ್ಪು ಮಾಡಿದಳೇ, ಅವಳ ಗಂಡನದೇ ತಪ್ಪೇ ಎಂಬ ವಾದವನ್ನು ನಾನು ಬಾಲ್ಯದಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಕೇಳಿದ್ದೇನೆ. ಅಲ್ಲಿದ್ದವರಲ್ಲಿ ಒಬ್ಬರು ಚಿತ್ರವನ್ನು ನೋಡಿಯೇ ಇರಲಿಲ್ಲ, ಆದರೂ ಅವರದೇ ದೊಡ್ಡ ದನಿ. ಧಾರಾವಾಹಿಗೆ ಬೇಕಾದ ನೋಡುಗರನ್ನು ಸಿದ್ಧಮಾಡಿದವರಲ್ಲಿ ಪುಟ್ಟಣ್ಣನವರು ಅಗ್ರಗಣ್ಯರು. ಅವರು ೧೯೮೫ರ ಜೂನ್ ತಿಂಗಳಲ್ಲಿ ನಿಧನರಾದರು. ಕನ್ನಡದ ದಿನಧಾರಾವಾಹಿಯ ಯುಗವನ್ನು ಅವರು ಕಾಣಲಿಲ್ಲ. ಕಂಡಿದ್ದರೆ ಅದರೊಳಗೆ ಕೈ ಹಾಕುತ್ತಿದ್ದರೋ, ಸಿಟ್ಟಾಗಿ ಎದ್ದು ಹೋಗುತ್ತಿದ್ದರೋ ಎಂಬುದು ಊಹೆಯ ಮಾತು. ಎರಡನೆಯದೇ ಆಗುತ್ತಿತ್ತೆಂದು ನನಗೆ ತೋರುತ್ತದೆ.

ಹೆಗ್ಗಡದೇವನಕೋಟೆಯ ಕೊಡುಗೆ ವ್ಯಕ್ತಿಗಿಂತ ವಸ್ತುವಿನ ರೂಪದ್ದು. ಮಾಸ್ತಿಯವರ ‘ಕಾಕನಕೋಟೆ’ ನಾಟಕ ಅಲ್ಲಿಯ ಕಾಡುಕುರುಬರ ಕಥೆ, ಅದನ್ನು ಸಿ. ಆರ್. ಸಿಂಹ ಅವರು ಚಲನಚಿತ್ರವಾಗಿಸಿದರು. ಕಾಡಿನ ಜನ ರಂಗಕ್ಕೆ ಬಂದರು. ಇಂದಿನ ಧಾರಾವಾಹಿಯ ಹಾಸುಗಲ್ಲಿನ ಬಂಗಲೆಗಳಿಗೆ ಮಾತ್ರ ಅವರು ಇನ್ನೂ ಬಂದಿಲ್ಲವೆನ್ನಬೇಕು.

ಭಾರತದಲ್ಲಿ ಧಾರಾವಾಹಿಯ ಯುಗ ‘ಹಮ್ ಲೋಗ್’ದಿಂದ ಪ್ರಾರಂಭವಾಯಿತು. ೧೯೮೪ರ ಜುಲೈ ತಿಂಗಳಿಂದ ೧೯೮೫ರ ಡಿಸೆಂಬರಿನವರೆಗೆ ನಡೆದ ಈ ಹಿಂದಿ ಧಾರಾವಾಹಿಯನ್ನು ಬರೆದವರು ಮನೋಹರ ಶ್ಯಾಮ ಜೋಷಿ. ಮೆಕ್ಸಿಕೋ ದೇಶದಲ್ಲಿ ಮಿಗೆಲ್ ಸಬಿದೋ ಎಂಬಾತ ಜನಶಿಕ್ಷಣಕ್ಕಾಗಿ ರೂಪಿಸಿದ್ದ ಕಥಾಮಾದರಿ ಅದಕ್ಕೆ ಪ್ರೇರಣೆ. ನೋಡುಗರಿಂದ ನಾಲ್ಕು ಲಕ್ಷದಷ್ಟು ಪತ್ರಗಳು ಬಂದುವೆಂದು ಅದನ್ನು ಅಧ್ಯಯನ ಮಾಡಿದವರು ಲೆಕ್ಕ ಕೊಟ್ಟಿದ್ದಾರೆ. ೧೯೯೪ರಲ್ಲಿ ‘ಶಾಂತಿ’ ಬಂದು ಮಧ್ಯಾಹ್ನದ ಹೊತ್ತನ್ನು ದಿನನಿತ್ಯದ ಕಥೆಗೆ ಮೀಸಲಾಗಿಸಿತು. ಕನ್ನಡದಲ್ಲಿ, ೧೯೮೧ರ ನವೆಂಬರಿನಲ್ಲಿ ಪ್ರಾರಂಭವಾದ ಬೆಂಗಳೂರು ದೂರದರ್ಶನವು ಮೊದಲು ಹದಿಮೂರು ವಾರಗಳ ಚಿಕ್ಕ ಕಥೆಗಳನ್ನು ಕೊಡುತ್ತಿತ್ತು. ಸದಾನಂದ ಸುವರ್ಣರ ‘ಗುಡ್ಡದ ಭೂತ’ವನ್ನು ನೋಡಿ ಹೆದರಿದವರು ಇಂದು ಮಧ್ಯವಯಸ್ಕರು.

೧೯೯೮ರ ‘ಮಾಯಾಮೃಗ’ ಈ ಚರಿತ್ರೆಯ ತಿರುವು. ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಈ ಮೂವರು ಸೇರಿ ನಿರ್ಮಿಸಿದ ಈ ಧಾರಾವಾಹಿ ಸಂಜೆ ನಾಲ್ಕೂವರೆಯ ವೇಳೆ ದೂರದರ್ಶನದಲ್ಲಿ ಬರುತ್ತಿತ್ತು. ಎಚ್. ಎಸ್. ವೆಂಕಟೇಶಮೂರ್ತಿಯವರ ಶೀರ್ಷಿಕೆಗೀತೆಗೆ ಸಿ. ಅಶ್ವಥ್ ಅವರ ಸಂಗೀತ. ವಕೀಲರೂ ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ನಾಟಕಗಳ ಕರ್ತೃವೂ ಆದ ಸೀತಾರಾಂ ಅವರು ಸಾಧಾರಣ ಮಧ್ಯಮವರ್ಗದ ಮನೆಯ ಮಾತನ್ನು, ನಡುನಡುವೆ ನ್ಯಾಯಾಲಯದ ವಾದವನ್ನು ತಂದರು. ಇಲ್ಲಿ ವೇಳೆಯ ವಿಷಯ ಮುಖ್ಯ. ನಾಲ್ಕೂವರೆಯೆಂದರೆ ನಮ್ಮ ತಾಲ್ಲೂಕುಗಳಲ್ಲಿ ಮಕ್ಕಳು ಶಾಲೆಯಿಂದ ಬರುವ ಹೊತ್ತು. ಹಾಲು ಕರೆಯುವುದಕ್ಕೆ ಮೊದಲಿನ ಹೊತ್ತು. ಮನೆಯ ಗಂಡಸರು ಇನ್ನೂ ಹಿಂದಿರುಗದ ಹೊತ್ತು. ದೂರದರ್ಶನದ ಪೆಟ್ಟಿಗೆ ಆ ಅರ್ಧ ಗಂಟೆ ಸಂಪೂರ್ಣವಾಗಿ ಹೆಂಗಸರ ವಶದಲ್ಲಿತ್ತು. ಅಮೆರಿಕದ ಹಗಲು ಕಥೆಯೂ ಇಂಥ ಬಿಡುವಿನಲ್ಲಿಯೇ ಹುಟ್ಟಿದ್ದನ್ನು ವಾಚಕರು ನೆನೆಯಬಹುದು. ತರುವಾಯ ಖಾಸಗಿ ವಾಹಿನಿಗಳು ಕಥೆಯನ್ನು ರಾತ್ರಿಗೆ ಒಯ್ದುವು. ಆಗ ಅದು ಇಡೀ ಮನೆಯ ಸ್ವತ್ತಾಯಿತು. ವಾರ್ತೆ ನೋಡಬೇಕೆನ್ನುವ ಗಂಡಸರೊಡನೆ ಜಗಳವೂ ಪ್ರಾರಂಭವಾಯಿತು.

ಉದಯ ವಾಹಿನಿ ೧೯೯೪ರಲ್ಲಿಯೇ ಬಂದಿತ್ತು. ೨೦೦೦ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ, ೨೦೦೬ರಲ್ಲಿ ಜೀ ಕನ್ನಡ, ೨೦೦೭ರಲ್ಲಿ ಸುವರ್ಣ ಬಂದುವು. ಈಟಿವಿಯಲ್ಲಿ ಸೀತಾರಾಂ ಅವರ ‘ಮನ್ವಂತರ’, ‘ಮುಕ್ತ’, ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’, ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ಗೃಹಭಂಗ’: ಇಂಥವು ಬಂದ ಕೆಲವು ವರ್ಷಗಳನ್ನು ಕನ್ನಡ ಧಾರಾವಾಹಿಯ ಉತ್ತಮ ಕಾಲವೆಂದು ಹಳೆಯ ನೋಡುಗರು ಹೇಳುತ್ತಾರೆ.

ದಿನಕ್ಕೊಂದು ಸಂಚಿಕೆಯೆಂಬ ನಿಯಮ ಬಲಿತಂತೆ ಬರಹದ ಕ್ರಮವೇ ಬದಲಾಯಿತು. ಕಥೆಯ ಎಳೆಯನ್ನು ಒಬ್ಬರು ಹಾಕುತ್ತಾರೆ, ಚಿತ್ರಕಥೆಯನ್ನು ಇನ್ನೊಬ್ಬರು ವಿಂಗಡಿಸುತ್ತಾರೆ, ಸಂಭಾಷಣೆಯನ್ನು ಮತ್ತೊಬ್ಬರು ಬರೆಯುತ್ತಾರೆ. ಪ್ರಧಾನ ನಿರ್ದೇಶಕರ ಕೆಳಗೆ ಸಂಚಿಕೆ ನಿರ್ದೇಶಕರು ದುಡಿಯುತ್ತಾರೆ. ವಾರವಾರವೂ ಬರುವ ಟಿ. ಆರ್. ಪಿ. ಅಂಕಿಗಳನ್ನು ನೋಡಿ ಎಳೆಯನ್ನು ಎಳೆಯುವುದೋ ಕತ್ತರಿಸುವುದೋ ನಿರ್ಧಾರವಾಗುತ್ತದೆ. ಇರ್ನಾ ಫಿಲಿಪ್ಸಳೂ ಕೆಲಸ ಹೆಚ್ಚಿದಾಗ ಸಹಾಯಕ ಬರಹಗಾರರನ್ನು ಇಟ್ಟುಕೊಂಡು ಕಥೆಗಳನ್ನು ನಡೆಸಿದ್ದಳು. ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿದೆ. ೧೯೭೫ರಲ್ಲಿ ಅಮೆರಿಕದಲ್ಲಿ ‘ಸೋಪ್ ಒಪೆರಾ ಡೈಜೆಸ್ಟ್’ ಎಂಬ ಪತ್ರಿಕೆ ಹೊರಟು, ಧಾರಾವಾಹಿಗಳ ಕಥಾಸಾರವನ್ನೂ ಅವುಗಳ ಹಿಂದಿನ ಸುದ್ದಿಗಳನ್ನೂ ಅಚ್ಚುಮಾಡತೊಡಗಿತು. ಪ್ರಧಾನ ಲೇಖಕ ಬದಲಾದರೆ ಅದನ್ನು ಅಭಿಮಾನಿಗಳು ಹೆಸರು ಹಿಡಿದು ಚರ್ಚಿಸುವುದು ಸಾಮಾನ್ಯವಾಯಿತು. ನಮ್ಮಲ್ಲಿ ಪತ್ರಿಕೆಗಳ ಕಿರುತೆರೆಯ ಪುಟಗಳು ನಟನಟಿಯರ ಭಾವಚಿತ್ರಗಳಿಂದಲೇ ತುಂಬಿರುತ್ತವೆ.

ಹೆಸರು ತಿಳಿಯದಿದ್ದರೂ ಕೈ ತಿಳಿಯುತ್ತದೆಯೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ಈ ನಾಲ್ಕು ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಮಳೆಗಾಲದಲ್ಲಿ ಸೊಪ್ಪು ಮುರಿದು ತಂದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಏರಿಸಿ ಬೇಯಿಸುವ ದಿನಗಳಲ್ಲಿ ಹತ್ತಾರು ಹೆಂಗಸರು ಒಂದು ಚಪ್ಪರದಡಿ ಕುಳಿತು ಗಂಟೆಗಟ್ಟಲೆ ಕೈಕೆಲಸ ಮಾಡುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಹುಣಸೂರಿನ ಬಳಿಯ ಒಂದು ಹಳ್ಳಿಯಲ್ಲಿ ಅಂಥ ಚಪ್ಪರದ ಬದಿಯಲ್ಲಿ ಒಂದು ಮಧ್ಯಾಹ್ನ ನಾನು ಕುಳಿತಿದ್ದೆ. ಮಾತು ರಾತ್ರಿಯ ಧಾರಾವಾಹಿಯ ಕಡೆಗೆ ಹೊರಳಿತು. ಅದರ ಸೊಸೆ ಹಿಂದಿನ ರಾತ್ರಿ ಅತ್ತೆಗೆ ಎದುರು ಮಾತನಾಡಿದ್ದಳಂತೆ. ಕಿರಿಯ ಹೆಂಗಸೊಬ್ಬಳು ಅವಳ ಧೈರ್ಯವನ್ನು ಮೆಚ್ಚಿದಳು. ಅದಕ್ಕೆ ಪಕ್ಕದವಳು ಸೊಪ್ಪಿನಿಂದ ತಲೆಯೆತ್ತದೆ, “ಅಲ್ಲ ಕಣವ್ವ, ಅವ್ಳು ಇಷ್ಟ್ ದಿನ ಹಂಗ್ ಮಾತಾಡ್ದೋಳೇ ಅಲ್ಲ. ಬರಿಯೋರು ಬೇರೆ ಯಾರೋ ಬಂದವ್ರೆ” ಎಂದಳು. ಉಳಿದವರು ಇದನ್ನು ಒಪ್ಪಿಕೊಂಡು, ಯಾವ ದಿನದಿಂದ ಮಾತು ಬದಲಾಯಿತೆಂದು ಎಣಿಸತೊಡಗಿದರು. ಹಬ್ಬದ ಹಿಂದಿನ ವಾರವೆಂದು ಒಬ್ಬಳು, ಮದುವೆಯ ಸಂಚಿಕೆಗಳು ಮುಗಿದ ಮೇಲೆಂದು ಇನ್ನೊಬ್ಬಳು.

ಪಾಠಾಂತರಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಕೇಳಬೇಕಿತ್ತು. ಹಳೆಯ ಕಾವ್ಯದಲ್ಲಿ ಪ್ರಕ್ಷಿಪ್ತ ಭಾಗಗಳನ್ನು ಗುರುತಿಸಲು ಪಂಡಿತರು ಅನುಸರಿಸುವ ಮಾರ್ಗ ಬೇರೆ ಯಾವುದು? ಶೈಲಿ ಒಡೆದ ಸ್ಥಳವನ್ನು ಹುಡುಕುವುದು, ಪಾತ್ರದ ಮಾತು ಪೂರ್ವಾಪರಕ್ಕೆ ಹೊಂದದಿದ್ದರೆ ಬೇರೆ ಕೈಯನ್ನು ಶಂಕಿಸುವುದು. ಚಪ್ಪರದಡಿಯ ಆಕೆ ಮಾಡಿದ್ದೂ ಅದನ್ನೇ. ಪಾತ್ರಕ್ಕೆ ಒಂದು ಶೀಲವಿದೆಯೆಂದೂ, ಬರಹಗಾರನು ಅದಕ್ಕೆ ಬದ್ಧನೆಂದೂ, ಅದನ್ನು ಮುರಿದರೆ ನೋಡುಗರು ಕೇಳುವ ಅಧಿಕಾರವುಳ್ಳವರೆಂದೂ ಆ ಮಾತಿನ ತಾತ್ಪರ್ಯ. ಹೆರ್ಜೋಗಳು ಗುರುತಿಸಿದ ಮೂರು ಪ್ರಯೋಜನಗಳಲ್ಲಿ ಇದು ಯಾವುದಕ್ಕೂ ಸೇರದು. ಹೃದಯದ ಹಸಿವನ್ನು ತಣಿಸಿಕೊಳ್ಳುವವರು ಮಾತ್ರ ಧಾರಾವಾಹಿಯನ್ನು ನೋಡುತ್ತಾರೆಂಬ ಗ್ರಹಿಕೆಯಲ್ಲಿ ನೋಡುಗರ ಬುದ್ಧಿಗೆ ಸ್ಥಾನವಿಲ್ಲದೆ ಹೋಯಿತು.

ಈ ಮಾತುಕತೆಯನ್ನು ಈಗಲೇ ಸಂಗ್ರಹಿಸಬೇಕೆಂದು ನಾನು ಒತ್ತಿಹೇಳುವುದಕ್ಕೆ ಕಾರಣವುಂಟು. ಅಮೆರಿಕದಲ್ಲಿ ಮೊದಲ ದಶಕಗಳ ಹಗಲು ಧಾರಾವಾಹಿಗಳು ನೇರಪ್ರಸಾರದಲ್ಲಿಯೇ ಕರಗಿಹೋದುವು. ಟೇಪು ಬಂದ ಮೇಲೆಯೂ ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ತುಂಬುತ್ತಿದ್ದರು. ಆದರೂ ಇರ್ನಾ ಫಿಲಿಪ್ಸಳ ಕಾಗದಪತ್ರಗಳು ವಿಸ್ಕಾನ್ಸಿನ್ ರಾಜ್ಯದ ಐತಿಹಾಸಿಕ ಸಂಘದಲ್ಲಿ ಉಳಿದಿವೆ. ದೃಶ್ಯ ಹೋದರೂ ಬರಹ ಉಳಿಯಿತು. ನಮ್ಮಲ್ಲಿ ‘ಮಾಯಾಮೃಗ’ದ ಹೆಸರು ೨೦೨೨ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ತೆರೆಗೆ ಮರಳುವಷ್ಟು ಜೀವಂತವಾಗಿತ್ತು, ಎಲ್ಲ ಧಾರಾವಾಹಿಗಳಿಗೂ ಈ ಭಾಗ್ಯವಿಲ್ಲ. ಸಂಭಾಷಣೆಯ ಹಾಳೆ ಚಿತ್ರೀಕರಣದ ಸ್ಥಳದಲ್ಲಿ ಅಂದಿನ ಕೆಲಸ ಮುಗಿದೊಡನೆ ಕಸವಾಗುತ್ತದೆ. ನಮ್ಮ ಜಾನಪದ ವಿದ್ವಾಂಸರು ನೀಲಗಾರರ ಬಳಿ ಕುಳಿತು ಸಾಲುಗಳನ್ನು ಬರೆದುಕೊಳ್ಳದಿದ್ದರೆ ಮಂಟೇಸ್ವಾಮಿ ಕಾವ್ಯ ಇಂದು ನಮ್ಮ ತರಗತಿಗಳಿಗೆ ಬರುತ್ತಿರಲಿಲ್ಲ. ಅಂಥ ಶ್ರಮವನ್ನು ಕಿರುತೆರೆಯ ಬರಹಗಾರರ ವಿಷಯದಲ್ಲಿಯೂ, ಅವರನ್ನು ನೋಡಿದವರ ವಿಷಯದಲ್ಲಿಯೂ ವಹಿಸಲು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅಡ್ಡಿಯೇನಿದೆ? ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಚಿತ್ರೀಕರಣ ನಿಂತು, ಹಳೆಯ ಸಂಚಿಕೆಗಳೂ, ಬೇರೆ ಭಾಷೆಯಿಂದ ಡಬ್ಬಿಂಗ್ ಆದ ಕಥೆಗಳೂ ಪರದೆಯನ್ನು ತುಂಬಿದಾಗ ಕನ್ನಡದ ಸಂಭಾಷಣೆಕಾರರ ಬಾಳು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆಯೆಂಬುದು ಬಯಲಾಯಿತು. ‘ಮಾಯಾಮೃಗ’ವನ್ನು ನಡುವಯಸ್ಸಿನಲ್ಲಿ ನೋಡಿದ ಸ್ತ್ರೀಯರು ಇಂದು ಎಪ್ಪತ್ತು ದಾಟಿದ್ದಾರೆ.

ಪಿರಿಯಾಪಟ್ಟಣದಲ್ಲಿ ಅಂಥ ಒಬ್ಬ ವೃದ್ಧೆಯನ್ನು ನಾನು ಕೇಳಿದೆ. ಕಥೆಯ ಎಳೆಗಳೂ, ಯಾರು ಯಾರಿಗೆ ಏನಾಗಬೇಕೆಂಬ ಸಂಬಂಧಗಳೂ ಅವರಿಗೆ ಕಣ್ಣಿಗೆ ಕಟ್ಟಿದಂತಿದ್ದುವು. ಒಂದು ಸಂಭಾಷಣೆಯನ್ನು ಅಭಿನಯಿಸಿಯೂ ತೋರಿಸಿದರು. ಕಣಗಾಲು ಅಲ್ಲಿಗೆ ದೂರವಲ್ಲ. ಪುಟ್ಟಣ್ಣನವರ ಹೆಸರು ಅವರಿಗೆ ಗೊತ್ತು. ಧಾರಾವಾಹಿಯ ಮಾತುಗಳನ್ನು ಬರೆದವರು ಯಾರೆಂದು ಕೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ಹೆಸ್ರು ಬರೋ ಹೊತ್ಗೆ ನಾನು ಒಳಗಿರ್ತಿದ್ದೆ ಮಗ. ಒಲೆ ಮೇಲೆ ಹಾಲಿರ್ತಿತ್ತು. ಹಾಡು ಕೇಳ್ತಿದ್ದಂಗೆ ಇಳಿಸಿ ಬರ್ತಿದ್ದೆ.”